ಕಡ್ಡಿಯ ತುದಿ ಎಡಕ್ಕೆ

ಒಸಾಕಾಕ್ಕೆ ಟಿಕೆಟ್ ಆಯ್ತಂತಲ್ಲ ಶಾರದಕ್ಕ, ಬಹಳ ಸಂತೋಷ. ಮಗಳ ಬಾಣಂತನಕ್ಕೆ ಹೊರಟ ನಿಮಗೆ ಲೇಹ್ಯ, ಅಂಟಿನುಂಡೆಯ ವಿಷಯ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನಿನ್ನೆ ಕಾಂಪೌಂಡಿನ ಆಚೆಯಿಂದ ನೀವೊಂದು ಮಾತು ಅಂದಿರಿ: "ಅಳಿಯಂದ್ರು ಹೋಟ್ಲಿಗೆ ಕರ್ಕೊಂಡ್ ಹೋಗ್ತೀನಿ ಅಂತಾರೆ ಕಣೇ, ಎಲ್ಲಾ ಮೀನೇ ಅಂತೆ, ನಾನ್ ಅಲ್ಲಿ ಕೂತು ಏನ್ ಮಾಡ್ಲಿ?" ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಾನು ಕಾರವಾರದ ಕಡೆಯವಳು, ಮೀನು ನನಗೆ ಹೊಸದಲ್ಲ. ಆದರೂ ಇವರ ಕೆಲಸದ ಸಲುವಾಗಿ ಜಪಾನಿನಲ್ಲಿದ್ದಾಗ ನೋಡಿದ್ದರಲ್ಲಿ ಇವತ್ತಿಗೂ ಹಸಿಯಾಗಿ ನೆನಪಿರುವುದು ತಟ್ಟೆಯ ಸುತ್ತ ನಡೆಯುತ್ತಿದ್ದ ಉಪಚಾರ. ತಟ್ಟೆ ಬರುವ ಮೊದಲು ಒಂದಿಷ್ಟು, ಬಂದ ಮೇಲೆ ಒಂದಿಷ್ಟು, ಎದ್ದು ಹೊರಡುವಾಗ ಒಂದಿಷ್ಟು. ಮೀನು ಮುಟ್ಟದವರಿಗೂ ಅದರಲ್ಲಿ ಪೂರ್ತಿ ಪಾಲು ಸಿಗುತ್ತದೆ. ಕುಕ್ಕರ್ ಕೂಗಲು ಇನ್ನೂ ಹೊತ್ತಿದೆ, ಸ್ವಲ್ಪ ನಿಂತುಕೊಳ್ಳಿ.

ಅದು ಬಾಗಿಲಲ್ಲೇ ಶುರುವಾಗುತ್ತದೆ. ಅಂಗಡಿಯ ಮುಂದೆ ನೊರೆನ್ ಅಂತ ಒಂದು ಸೀಳು ಪರದೆ ತೂಗುತ್ತಿರುತ್ತದೆ. ಅದು ಹೊರಗಿದ್ದರೆ ಅಂಗಡಿ ತೆರೆದಿದೆ, ಒಳಗೆ ತೆಗೆದಿಟ್ಟಿದ್ದರೆ ಮುಚ್ಚಿದೆ. ಒಳಗೆ ಕಾಲಿಟ್ಟ ಕೂಡಲೇ ಒಲೆಯ ಮುಂದಿದ್ದವರಿಂದ ಹಿಡಿದು ಪಾತ್ರೆ ತೊಳೆಯುವವರ ತನಕ ಎಲ್ಲರೂ ಒಟ್ಟಿಗೆ 'ಇರಾಶ್ಶಯ್ಮಾಸೆ' ಎಂದು ಕೂಗುತ್ತಾರೆ. ಗಾಬರಿಯಾಗಬೇಡಿ, ಬನ್ನಿ ಬನ್ನಿ ಅನ್ನುವುದು ಅದು. ಉತ್ತರ ಕೊಡಬೇಕಾಗಿಲ್ಲ, ಎಷ್ಟು ಜನ ಅಂತ ಬೆರಳಲ್ಲಿ ತೋರಿಸಿದರೆ ಸಾಕು. ಚಾಪೆ ಹಾಸಿದ ಕೋಣೆಯಾದರೆ ಚಪ್ಪಲಿ ಬಿಟ್ಟು ಮೇಲೆ ಹತ್ತಬೇಕು. ಒಳ್ಳೆಯ ಕಡೆಗಳಲ್ಲಿ ನೀವು ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ಅದನ್ನು ತಿರುಗಿಸಿ, ಮೂತಿ ಬಾಗಿಲ ಕಡೆಗೆ ಮಾಡಿ ಜೋಡಿಸಿಟ್ಟಿರುತ್ತಾರೆ. ಕಾಲು ತೂರಿಸಿ ನೇರ ಹೊರಡುವುದೊಂದೇ ಬಾಕಿ. ಮೊದಲ ಸಲ ಅದನ್ನು ನೋಡಿದಾಗ ನನಗೆ ಗಂಟಲು ಕಟ್ಟಿತು. ಯಾರು ಮಾಡಿದರು ಅಂತ ಸುತ್ತ ನೋಡಿದೆ, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಮಾಡಿದವರಿಗೆ ಅದನ್ನು ತೋರಿಸಿಕೊಳ್ಳುವುದು ಬೇಕಿರಲಿಲ್ಲ.

ಕುರ್ಚಿಯ ಪಕ್ಕದಲ್ಲಿ ಒಂದು ಬುಟ್ಟಿ ಇರುತ್ತದೆ, ನೋಡಿಕೊಳ್ಳಿ. ಬ್ಯಾಗನ್ನು ನೆಲದ ಮೇಲೆ ಇಡಬಾರದು, ತೊಡೆಯ ಮೇಲೆ ಇಟ್ಟುಕೊಂಡು ಒದ್ದಾಡಬಾರದು ಅಂತ. ಮಳೆಗಾಲವಾದರೆ ಬಾಗಿಲಲ್ಲಿ ಕೊಡೆ ಇಡುವ ಸ್ಟ್ಯಾಂಡು, ಕೆಲವು ಕಡೆ ಅದಕ್ಕೆ ಬೀಗ ಕೂಡ. ರಾಮೆನ್ ಅಂಗಡಿಗಳಲ್ಲಿ ಸಾರು ಬಟ್ಟೆಗೆ ಸಿಡಿಯದಿರಲಿ ಅಂತ ಕಾಗದದ ಏಪ್ರನ್ ಕೊಡುತ್ತಾರೆ, ಕೆಲವರು ಹೆಂಗಸರಿಗೆ ಕೂದಲು ಕಟ್ಟಿಕೊಳ್ಳಲು ರಬ್ಬರ್ ಬ್ಯಾಂಡ್ ಇಟ್ಟಿರುತ್ತಾರೆ. ಬಗ್ಗಿ ಬಟ್ಟಲಿನಿಂದ ಶಾವಿಗೆ ಎಳೆಯುವಾಗ ಕೂದಲು ಸಾರಿಗೆ ಬೀಳುತ್ತದೆ ಅನ್ನುವುದನ್ನು ಯಾರೋ ಕಣ್ಣಿಟ್ಟು ಗಮನಿಸಿದ್ದಾರೆ. ಎರಡು ಯೆನ್ನೂ ಬಾಳದ ವಸ್ತು ಇರಬೇಕು ಅದು. ಆದರೆ ಆ ಊಟ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಅದೇ.

ಕೂತ ಕೂಡಲೇ ಬರುವುದು ಒಶಿಬೊರಿ, ಒದ್ದೆ ಮಾಡಿ ಹಿಂಡಿ ಸುರುಳಿ ಸುತ್ತಿದ ಸಣ್ಣ ಟವೆಲ್. ಚಳಿಗಾಲದಲ್ಲಿ ಹಬೆಯಾಡುವಷ್ಟು ಬಿಸಿ, ಬೇಸಿಗೆಯಲ್ಲಿ ತಣ್ಣಗೆ. ಒಸಾಕಾದಲ್ಲಿ ಆಗಸ್ಟ್ ತಿಂಗಳ ಸೆಕೆ ಮೈ ಅಂಟಿಸಿಬಿಡುತ್ತದೆ, ಆ ಸೆಕೆಯಿಂದ ಒಳಗೆ ಬಂದು ತಣ್ಣನೆಯ ಟವೆಲಿನಲ್ಲಿ ಅಂಗೈ ಒತ್ತಿಕೊಂಡಾಗ ಹೊರಗಿನ ಬೀದಿ ಅಲ್ಲಿಗೇ ಮುಗಿದುಹೋಗುತ್ತದೆ. ಅಂಗಡಿಗಳಿಗೆ ಇದನ್ನು ಬಾಡಿಗೆಗೆ ಕೊಟ್ಟು, ವಾಪಸು ಒಯ್ದು, ತೊಳೆದು, ಮತ್ತೆ ತಂದುಕೊಡುವುದೇ ಅಲ್ಲೊಂದು ದೊಡ್ಡ ಉದ್ಯಮ. ಕೈ ಒರೆಸಲಿಕ್ಕೆ ಮಾತ್ರ ಕಣ್ರೀ, ಅದರಲ್ಲಿ ಮುಖ ಒರೆಸುವುದು ಮರ್ಯಾದೆಯಲ್ಲ ಅನ್ನುತ್ತಾರೆ. ಸೆಕೆಯಲ್ಲಿ ಗಂಡಸರು ಕೆಲವರು ಒರೆಸಿಕೊಳ್ಳುತ್ತಾರೆ, ನೋಡಿದವರು ನೋಡದಂತೆ ಇರುತ್ತಾರೆ.

ಆಮೇಲೆ ನೀರು ಅಥವಾ ಚಹಾ. ಸಾಮಾನ್ಯ ಊಟದ ಅಂಗಡಿಗಳಲ್ಲಿ ಇದಕ್ಕೆ ದುಡ್ಡಿಲ್ಲ. ಚಹಾದ ವಿಷಯ ಬಂದಿದ್ದರಿಂದ ಒಂದು ಕತೆ ಹೇಳಿಬಿಡುತ್ತೇನೆ, ಆ ದೇಶದವರು ಮಕ್ಕಳಿಗೆಲ್ಲ ಹೇಳುವ ಕತೆ. ಹದಿನಾರನೆಯ ಶತಮಾನದಲ್ಲಿ ತೊಯೊತೊಮಿ ಹಿದೆಯೋಶಿ ಅನ್ನುವ ದೊರೆ ಗಿಡುಗದ ಬೇಟೆಯಾಡಿ ದಣಿದು ಒಂದು ದೇಗುಲಕ್ಕೆ ಬಂದು ಚಹಾ ಕೇಳಿದನಂತೆ. ಅಲ್ಲಿದ್ದ ಹುಡುಗ ಮೊದಲು ದೊಡ್ಡ ಬಟ್ಟಲಿನ ತುಂಬ ಉಗುರುಬೆಚ್ಚನೆಯ ಚಹಾ ತಂದುಕೊಟ್ಟ. ದೊರೆ ಗಟಗಟ ಕುಡಿದು ಇನ್ನೊಂದು ಕೇಳಿದ. ಈ ಸಲ ಅದಕ್ಕಿಂತ ಸ್ವಲ್ಪ ಬಿಸಿ, ಅಳತೆ ಅರ್ಧ. ಮೂರನೆಯದಕ್ಕೆ ಸಣ್ಣ ಬಟ್ಟಲಿನಲ್ಲಿ ಸುಡುವ ಚಹಾ, ಸ್ವಲ್ಪವೇ. ಬಾಯಾರಿ ಬಂದವನಿಗೆ ಮೊದಲು ಬೇಕಾದದ್ದು ನೀರಿನ ತಂಪು, ರುಚಿ ನೋಡುವ ಸಮಾಧಾನ ಅವನಿಗೆ ಬರುವುದು ಆಮೇಲೆ ಅಂತ ಆ ಹುಡುಗ ಲೆಕ್ಕ ಹಾಕಿದ್ದ. ಹಿದೆಯೋಶಿ ಅವನನ್ನು ತನ್ನ ಜೊತೆಗೇ ಕರೆದುಕೊಂಡು ಹೋದ. ಮುಂದೆ 1600ರ ಸೆಕಿಗಹಾರಾ ಕಾಳಗದಲ್ಲಿ ಒಂದು ಪಕ್ಷವನ್ನು ನಡೆಸಿದ ಇಶಿದಾ ಮಿತ್ಸುನಾರಿ ಆ ಹುಡುಗನೇ. ದಂತಕತೆ ಇರಬಹುದು, ಆದರೆ ಶಿಗಾ ಪ್ರಾಂತದ ನಾಗಹಾಮಾ ರೈಲು ನಿಲ್ದಾಣದ ಮುಂದೆ ಚಹಾ ಹಿಡಿದ ಹುಡುಗನೂ ದೊರೆಯೂ ಎದುರುಬದುರಾಗಿ ಇರುವ ಪ್ರತಿಮೆ ಇದೆ. ನಿಮ್ಮ ಒಸಾಕಾದಿಂದ ರೈಲಿನಲ್ಲಿ ಹೋಗಿಬರಬಹುದಾದಷ್ಟು ದೂರ. ಸೇನಾನಿಯ ಪ್ರತಿಮೆಗಳು ಎಲ್ಲ ದೇಶಗಳಲ್ಲೂ ಇವೆ. ಚಹಾದ ಬಿಸಿ ಅಳೆದು ಕೊಟ್ಟದ್ದಕ್ಕೆ ನಿಲ್ಲಿಸಿದ ಪ್ರತಿಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಕಡ್ಡಿ. ಊಟದ ಕಡ್ಡಿಗಳನ್ನು ನಿಮ್ಮ ಮುಂದೆ ಅಡ್ಡಡ್ಡಲಾಗಿ, ತುದಿ ಎಡಕ್ಕೆ ಬರುವಂತೆ, ಒಂದು ಪುಟ್ಟ ಆಸರೆಯ ಮೇಲೆ ಇಟ್ಟಿರುತ್ತಾರೆ. ಬಲಗೈಯಲ್ಲಿ ಎತ್ತಿಕೊಳ್ಳಲು ಅದೇ ಸಲೀಸು. ಅನ್ನದ ಬಟ್ಟಲು ಎಡಗಡೆ, ಸಾರಿನದು ಬಲಗಡೆ. ಒಸಾಕಾ ಕಡೆ ಅನೇಕರು ಸಾರಿನ ಬಟ್ಟಲನ್ನು ಅನ್ನದ ಹಿಂದಕ್ಕೆ ಸರಿಸಿ, ಕೈಗೆ ಹತ್ತಿರದ ಜಾಗವನ್ನು ಪಲ್ಯಕ್ಕೋ ಮೀನಿಗೋ ಬಿಡುತ್ತಾರೆ. ಇದನ್ನು ನೋಡಿದಾಗ ನನಗೆ ನಿಮ್ಮ ಮನೆಯ ಸತ್ಯನಾರಾಯಣ ಪೂಜೆಯ ಪಂಕ್ತಿಯೇ ನೆನಪಾದದ್ದು. ಎಲೆಯ ಕುಡಿ ಎಡಕ್ಕೆ ಇರಬೇಕು, ಉಪ್ಪು ಇಂಥ ಮೂಲೆಗೆ, ಕೋಸಂಬರಿ ಆಮೇಲೆ, ಅನ್ನ ಬರುವ ತನಕ ಯಾರೂ ಕೈ ಹಚ್ಚಬಾರದು. ತಿರುವುಮುರುವಾಗಿ ಎಲೆ ಹಾಕಿದ ಹುಡುಗನಿಗೆ ನಿಮ್ಮ ಅತ್ತೆಯವರು ಕಣ್ಣಲ್ಲೇ ಹೇಳುತ್ತಿದ್ದರಲ್ಲ, ಅದೇ ಕಣ್ಣು ಅಲ್ಲಿಯೂ ಇದೆ. ಒಂದೆರಡು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರ ಮುಂದೆ ಇಡುವ ಅನ್ನದ ರೀತಿ. ಮಗಳ ಕಡ್ಡಿಯಿಂದ ನಿಮ್ಮ ಕಡ್ಡಿಗೆ ತುತ್ತು ದಾಟಿಸಿಕೊಳ್ಳಬೇಡಿ, ದಹನವಾದ ಮೇಲೆ ಅಸ್ಥಿಯನ್ನು ಹಾಗೆ ಎತ್ತುತ್ತಾರೆ. ಬಾಣಂತಿ ಮನೆಯವರು ಇಂಥದ್ದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಎಡಗೈಯವರಿಗೆ ಏನು ಮಾಡುತ್ತಾರೆ ಅಂತ ಕೇಳುತ್ತೀರಿ, ಗೊತ್ತು, ನಿಮ್ಮ ಮಗಳು ಎಡಚಿ. ಅದಕ್ಕೆ ಟೋಕಿಯೋದ ಜಿರೋ ಒನೊ ಅವರನ್ನು ನೆನೆಯಬೇಕು. 1925ರಲ್ಲಿ ಹುಟ್ಟಿದವರು. ಗಿಂಜಾದಲ್ಲಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಅವರ ಸೂಶಿ ಅಂಗಡಿ, ಕಟ್ಟೆಯ ಮುಂದೆ ಹತ್ತೇ ಕುರ್ಚಿ. ಊಟದ ಮನೆಗಳಿಗೆ ನಕ್ಷತ್ರ ಕೊಟ್ಟು ಅಳೆಯುವ ಮಿಶೆಲಿನ್‌ನವರು ಟೋಕಿಯೋಗೆ ಮೊದಲ ಬಾರಿ ಬಂದಾಗಲೇ, 2007ರಲ್ಲಿ, ಅದಕ್ಕೆ ಮೂರು ನಕ್ಷತ್ರ ಕೊಟ್ಟರು. 2011ರಲ್ಲಿ ಡೇವಿಡ್ ಗೆಲ್ಬ್ ಅವರ ಮೇಲೆ ಮಾಡಿದ ಸಾಕ್ಷ್ಯಚಿತ್ರವನ್ನು ಹೋಗುವ ಮೊದಲು ನೋಡಿ. ಆ ಚಿತ್ರದಲ್ಲಿ, ಬಂದವರು ಮೊದಲ ತುತ್ತು ಯಾವ ಕೈಯಲ್ಲಿ ಎತ್ತಿಕೊಂಡರು ಅನ್ನುವುದನ್ನು ಅವರು ಕಟ್ಟೆಯ ಆಚೆಯಿಂದ ನೋಡುತ್ತಾರೆ. ಎಡಗೈ ಆಗಿದ್ದರೆ ಮುಂದಿನದನ್ನು ಇಡುವ ಕೋನವೇ ಬದಲಾಗುತ್ತದೆ. ಹೆಂಗಸರಿಗೆ ತುತ್ತು ಸ್ವಲ್ಪ ಚಿಕ್ಕದಾಗಿ ಕಟ್ಟುತ್ತಾರೆ, ಒಟ್ಟಿಗೆ ಬಂದವರೆಲ್ಲ ಒಂದೇ ವೇಗದಲ್ಲಿ ಉಂಡು ಮುಗಿಸಲಿ ಅಂತ. ಯಾರು ಯಾವ ಕುರ್ಚಿಯಲ್ಲಿ ಎಂಬುದನ್ನೂ ಮೊದಲೇ ಯೋಚಿಸಿರುತ್ತಾರೆ. ಅಲ್ಲಿ ಅನ್ನ ಮೈ ಬಿಸಿಯಷ್ಟೇ ಬೆಚ್ಚಗಿರಬೇಕು, ಸೋಯಾ ರಸವನ್ನು ಅಡುಗೆಯವರೇ ಕುಂಚದಲ್ಲಿ ಸವರಿರುತ್ತಾರೆ, ಮುಂದಿಟ್ಟ ಕೂಡಲೇ ಬಾಯಿಗೆ ಹಾಕಬೇಕು. ಫೋಟೋ ತೆಗೆಯುತ್ತ ಕೂತರೆ ಅನ್ನ ಆರುತ್ತದೆ, ಅವರ ಅಷ್ಟೂ ಲೆಕ್ಕ ಹಾಳು. ಅಡುಗೆ ಎಲ್ಲಿ ಮುಗಿಯಿತು, ಉಪಚಾರ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಅಲ್ಲಿ ಆಗುವುದೇ ಇಲ್ಲ, ನನ್ನ ಮಟ್ಟಿಗೆ ಆ ದೇಶದ ಊಟದ ಹೆಚ್ಚುಗಾರಿಕೆ ಇರುವುದೇ ಇದರಲ್ಲಿ.

ಹಾಗಂತ ಉಪಚಾರ ಅಂದರೆ ಮೈಮೇಲೆ ಬೀಳುವುದು ಅಂತ ಅಲ್ಲಿ ಯಾರೂ ತಿಳಿದಿಲ್ಲ. ನೀವು ಕರೆಯುವ ತನಕ ಯಾರೂ ಮೇಜಿನ ಹತ್ತಿರ ಸುಳಿಯುವುದಿಲ್ಲ. ಕರೆಯಬೇಕಾದರೆ 'ಸುಮಿಮಾಸೆನ್' ಅಂತ ಸ್ವಲ್ಪ ಗಟ್ಟಿಯಾಗಿಯೇ ಅನ್ನಬಹುದು, ತಪ್ಪಿಲ್ಲ. ಅನೇಕ ಕಡೆ ಮೇಜಿನ ಮೇಲೇ ಕರೆಗಂಟೆಯ ಗುಂಡಿ ಇರುತ್ತದೆ. ತಿಂದಾಯಿತು ಅಂತ ಬಿಲ್ಲು ತಂದು ಮುಖದ ಮುಂದೆ ಇಡುವುದು ಒಳ್ಳೆಯ ಊಟದ ಮನೆಗಳಲ್ಲಿ ಇಲ್ಲ, ಕೇಳಿದ ಮೇಲೇ ಅದು ಬರುವುದು. ಈ ದೂರ ಕಾಯುವ ಗುಣವನ್ನು ತುತ್ತತುದಿಗೆ ಒಯ್ದದ್ದು ಫುಕುವೋಕಾ ಮೂಲದ ಇಚಿರಾನ್ ಎಂಬ ರಾಮೆನ್ ಅಂಗಡಿಗಳು. ಒಸಾಕಾದ ದೋತೊಂಬೋರಿಯಲ್ಲೂ ಇದೆ. ಯಂತ್ರದಲ್ಲಿ ದುಡ್ಡು ಹಾಕಿ ಚೀಟಿ ತೆಗೆದುಕೊಳ್ಳುತ್ತೀರಿ. ಒಬ್ಬೊಬ್ಬರಿಗೂ ಮರದ ಗೋಡೆ ಕಟ್ಟಿದ ಒಂದೊಂದು ಗೂಡು. ಶಾವಿಗೆ ಗಟ್ಟಿಯೋ ಮೆತ್ತಗೋ, ಬೆಳ್ಳುಳ್ಳಿ ಎಷ್ಟು, ಖಾರ ಎಷ್ಟು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿ ಕೊಡಬೇಕು. ಎದುರಿನ ಕಿಂಡಿಯಲ್ಲಿ ಎರಡು ಕೈ ಬರುತ್ತವೆ, ಬಟ್ಟಲು ಇಡುತ್ತವೆ, ಬಾಗಿ ನಮಸ್ಕಾರ, ಬಿದಿರಿನ ತೆರೆ ಇಳಿಯುತ್ತದೆ. ಬಡಿಸಿದವರ ಮುಖ ಕಾಣುವುದೇ ಇಲ್ಲ. ಒಂಟಿಯಾಗಿ ಉಣ್ಣಲು ಸಂಕೋಚಪಡುವ ಹೆಂಗಸರಿಗೆ ಅದೊಂದು ದೊಡ್ಡ ಉಪಕಾರ ಅಂತ ನಾನು ಖಂಡಿತವಾಗಿ ಹೇಳುತ್ತೇನೆ, ಅಂಥ ಗೂಡಿನಲ್ಲಿ ನಾನು ನೆಮ್ಮದಿಯಾಗಿ ಉಂಡಿದ್ದೇನೆ.

"ಯಂತ್ರ ಬಂದ್ರೆ ಉಪಚಾರ ಎಲ್ಲಿರತ್ತೆ?" ಅಂತ ನೀವು ಕೇಳುವುದು ಸರಿ. ನಿಮ್ಮ ಒಸಾಕಾದವರೇ ಉತ್ತರ ಕೊಟ್ಟಿದ್ದಾರೆ. 1958ರಲ್ಲಿ ಈಗಿನ ಹಿಗಾಶಿ ಒಸಾಕಾದಲ್ಲಿ ಶಿರಾಯಿಶಿ ಯೋಶಿಯಾಕಿ ಅನ್ನುವವರು ಗೆನ್ರೊಕು ಸೂಶಿ ಅಂತ ಒಂದು ಅಂಗಡಿ ತೆರೆದರು. ಬಿಯರ್ ಕಾರ್ಖಾನೆಯಲ್ಲಿ ಬೆಲ್ಟಿನ ಮೇಲೆ ಬಾಟಲಿಗಳು ಸಾಲಾಗಿ ಬರುವುದನ್ನು ನೋಡಿ, ತಟ್ಟೆಗಳನ್ನೂ ಹಾಗೆ ಗಿರಾಕಿಗಳ ಮುಂದೆ ಹರಿಯಬಿಡುವ ಯೋಚನೆ ಅವರಿಗೆ ಬಂತು. 1970ರ ಒಸಾಕಾ ವಸ್ತುಪ್ರದರ್ಶನದಲ್ಲಿ ಅದನ್ನು ತೋರಿಸಿದ ಮೇಲೆ ದೇಶವೆಲ್ಲ ಹಬ್ಬಿತು. ಬೆಲೆ ತಟ್ಟೆಯ ಬಣ್ಣದಲ್ಲೇ ಗೊತ್ತಾಗುತ್ತದೆ, ಹಾಗಾಗಿ ಕೂಲಿ ಮಾಡುವವನೂ ಸೂಶಿ ಅಂಗಡಿಯಲ್ಲಿ ಹೆದರದೆ ಕೂರುವಂತಾಯಿತು. ಪ್ರತಿ ಜಾಗದಲ್ಲೂ ಬಿಸಿನೀರಿನ ನಲ್ಲಿ ಇಟ್ಟಿದ್ದಾರೆ, ನಿಮ್ಮ ಚಹಾ ನೀವೇ ಮಾಡಿಕೊಳ್ಳಬಹುದು. ಇದೂ ಉಪಚಾರವೇ ಅಲ್ಲವೇ? ಆದರೆ ಇದು ಗಿರಾಕಿಯ ಮೇಲಿನ ನಂಬಿಕೆಯ ಮೇಲೆ ನಿಂತದ್ದು. 2023ರ ಜನವರಿಯಲ್ಲಿ ಒಬ್ಬ ಹುಡುಗ ಇಂಥ ಒಂದು ಅಂಗಡಿಯಲ್ಲಿ ಸೋಯಾ ಬಾಟಲಿ ನೆಕ್ಕಿದ ವಿಡಿಯೊ ಹರಡಿ ದೇಶವೇ ತಲ್ಲಣಿಸಿತು. ಹಲವು ಕಡೆ ಬೆಲ್ಟಿನ ಮೇಲೆ ತಟ್ಟೆ ಬಿಡುವುದನ್ನೇ ನಿಲ್ಲಿಸಿ, ಕೇಳಿದ್ದನ್ನು ಮಾತ್ರ ನೇರ ಮೇಜಿಗೆ ಕಳಿಸುತ್ತಿದ್ದಾರೆ. ನನಗೆ ಅದು ನಿಜವಾಗಿ ನೋವು ಕೊಟ್ಟ ಸುದ್ದಿ.

ಭಾಷೆ ಬಾರದು ಅಂತ ಚಿಂತೆ ಬೇಡ. ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಊಟದ ಮಾದರಿಗಳು ಇರುತ್ತವೆ, ಬೆರಳು ತೋರಿಸಿದರಾಯಿತು. ಇದನ್ನು ದೊಡ್ಡ ಉದ್ಯಮ ಮಾಡಿದ ಇವಾಸಾಕಿ ತಾಕಿಜೋ 1932ರಲ್ಲಿ ಅಂಗಡಿ ಹಾಕಿದ್ದೂ ಒಸಾಕಾದಲ್ಲೇ, ಆಗ ಮೇಣದಲ್ಲಿ ಮಾಡುತ್ತಿದ್ದರು.

ದುಡ್ಡು ಕೊಡುವಾಗ ಕೈಗೆ ಕೊಡಬೇಡಿ, ಕೌಂಟರಿನ ಮೇಲೆ ಸಣ್ಣ ತಟ್ಟೆ ಇರುತ್ತದೆ, ಅದರಲ್ಲಿಡಿ. ಚಿಲ್ಲರೆಯನ್ನು ನಿಮ್ಮ ಕಣ್ಣೆದುರೇ ಎಣಿಸಿ ಕೊಡುತ್ತಾರೆ. ಟಿಪ್ಸ್ ಅನ್ನುವುದು ಇಲ್ಲವೇ ಇಲ್ಲ. ಮೇಜಿನ ಮೇಲೆ ಬಿಟ್ಟು ಬಂದರೆ ಮರೆತಿರಿ ಅಂದುಕೊಂಡು ಬೀದಿಯ ತನಕ ಓಡಿಬಂದು ಕೊಡುತ್ತಾರೆ. ಸಂಜೆ ಕುಡಿಯುವ ಇಜಕಾಯಾಗಳಲ್ಲಿ ಮಾತ್ರ ಕೇಳದೆಯೇ ಒಂದು ಪುಟ್ಟ ಬಟ್ಟಲು ತಂದಿಟ್ಟು ತಲೆಗೆ 300ರಿಂದ 500 ಯೆನ್ ಬಿಲ್ಲಿಗೆ ಸೇರಿಸುತ್ತಾರೆ, ಒತೋಶಿ ಅಂತ. ಹೊರಗಿನಿಂದ ಬಂದವರಿಗೆ ಇದು ಮೋಸದಂತೆ ಕಾಣುತ್ತದೆ. ಬಾಗಿಲಲ್ಲೇ ಬರೆದು ಹಾಕಿದರೆ ಆ ಬೇಸರ ತಪ್ಪುತ್ತದೆ, ಬರೆಯಬೇಕು ಅಂತಲೇ ನನ್ನ ಅಭಿಪ್ರಾಯ.

ಈಗ ನಿಮ್ಮ ಮುಖ್ಯ ಚಿಂತೆಗೆ ಬರೋಣ. ಮೇಲೆ ಚೂರೂ ಮೀನು ಕಾಣದಿದ್ದರೂ ಸಾರಿನಲ್ಲಿ, ಉದೋನ್ ಶಾವಿಗೆಯ ರಸದಲ್ಲಿ, ತರಕಾರಿ ತೆಂಪುರಾ ಅದ್ದಿಕೊಳ್ಳುವ ರಸದಲ್ಲಿ ಕೂಡ ಒಣಮೀನಿನ ತಿಳಿ ಇರುತ್ತದೆ, ಅದಕ್ಕೆ ದಾಶಿ ಅನ್ನುತ್ತಾರೆ. ಕೂತ ಮೇಲೆ ಅದನ್ನು ಬಿಟ್ಟು ಮಾಡಿಕೊಡಿ ಅಂದರೆ ಅವರಿಗೆ ಸಾಧ್ಯವಾಗುವುದಿಲ್ಲ, ಬೆಳಿಗ್ಗೆಯೇ ಕಾಯಿಸಿಟ್ಟ ತಿಳಿ ಅದು. ತಲೆ ಬಾಗಿಸಿ ಕ್ಷಮೆ ಕೇಳುತ್ತಾರೆ, ಬದಲಾಯಿಸುವುದಿಲ್ಲ. ಇಷ್ಟು ಮುಂದಾಲೋಚನೆ ಇರುವ ಜನ ಇದೊಂದರಲ್ಲಿ ಬಗ್ಗುವುದಿಲ್ಲವಲ್ಲ ಅಂತ ನಾನು ಗೆಳತಿಯರ ಹತ್ತಿರ ಎಷ್ಟೋ ಸಲ ವಾದ ಮಾಡಿದ್ದೇನೆ. ಈಗಲೂ ಅದನ್ನು ಕೊರತೆ ಅಂತಲೇ ಹೇಳುತ್ತೇನೆ. ಆದರೆ ಬುಕ್ ಮಾಡುವಾಗಲೇ ಅಳಿಯಂದಿರು ಮೀನು, ಮಾಂಸ, ಮೀನಿನ ತಿಳಿ ಯಾವುದೂ ಬೇಡ ಅಂತ ಹೇಳಿದರೆ ಚಿತ್ರ ಬೇರೆ. ಆಗ ಅದು ಅವರ ಯೋಚನೆಯ ಒಳಗೆ ಸೇರುತ್ತದೆ, ನಿಮಗೆಂದೇ ಬೇರೆ ಬಟ್ಟಲು ಬಂದರೂ ಬಂತು.

ಇನ್ನೂ ಒಳ್ಳೆಯದು, ಕೋಯಾಸಾನಿಗೆ ಹೋಗಿಬನ್ನಿ. ಒಸಾಕಾದ ನಂಬಾ ನಿಲ್ದಾಣದಿಂದ ನಾನ್ಕಾಯ್ ರೈಲು ಹಿಡಿದರೆ ಬೆಟ್ಟದ ಬುಡ, ಅಲ್ಲಿಂದ ಹಗ್ಗದ ರೈಲು. ಒಂಬತ್ತನೆಯ ಶತಮಾನದಲ್ಲಿ ಕೂಕಾಯ್ ಅನ್ನುವ ಗುರುಗಳು ಕಟ್ಟಿದ ಬೌದ್ಧ ಕ್ಷೇತ್ರ. ಅಲ್ಲಿನ ದೇಗುಲಗಳಲ್ಲಿ ಉಳಿದುಕೊಳ್ಳಬಹುದು, ಶೋಜಿನ್ ರ್ಯೋರಿ ಅನ್ನುವ ಸನ್ಯಾಸಿಗಳ ಊಟ ಸಿಗುತ್ತದೆ. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿನ ತಿಳಿ ಕಡಲಕಳೆಯದು, ಅಣಬೆಯದು. ನಮ್ಮ ಏಕಾದಶಿಯ ಮರುದಿನದ ಊಟದಷ್ಟು ಶುದ್ಧವಾಗಿರುತ್ತದೆ ಅಂದರೆ ನೀವು ನಂಬಬೇಕು. ನೆಲದ ಮೇಲೆ ಕೂತವರ ಮುಂದೆ ಒಬ್ಬೊಬ್ಬರಿಗೂ ಕುಳ್ಳಗಿನ ಪೀಠ, ಅದರ ಮೇಲೆ ಅರಗಿನ ಬಣ್ಣದ ಪುಟ್ಟಪುಟ್ಟ ಬಟ್ಟಲುಗಳು. ಎಳ್ಳು ಅರೆದು ಹಾಲು ತೆಗೆದು ಗೆಡ್ಡೆಯ ಹಿಟ್ಟಿನಲ್ಲಿ ಕಾಯಿಸಿ ಕಟ್ಟಿದ ಎಳ್ಳಿನ ತೋಫು, ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ತೋಫು. ಎಷ್ಟೋ ದೇಗುಲಗಳಲ್ಲಿ ಬಡಿಸುವವರು ಎಳೆಯ ಸನ್ಯಾಸಿಗಳೇ. ಮಾತಿಲ್ಲದೆ ಬಂದು, ಮೊಣಕಾಲೂರಿ ಇಟ್ಟು, ಹಿಂದಕ್ಕೆ ಸರಿದು ಹೋಗುತ್ತಾರೆ. ಆ ಊಟಕ್ಕೆ ಕೂತಾಗ ನೀವು ಮಡಿಯಲ್ಲಿ ಕೂತಷ್ಟೇ ಸಲೀಸಾಗಿ ಇರುತ್ತೀರಿ.

ಇಷ್ಟೆಲ್ಲ ಮಾಡುವವರ ಬೆನ್ನ ನೋವನ್ನೂ ನೆನೆಯಬೇಕು. ಗಿರಾಕಿಯೇ ದೇವರು ಅನ್ನುವ ಮಾತು ಅಲ್ಲಿಯೂ ಇದೆ, ಅದನ್ನೇ ಹಿಡಿದುಕೊಂಡು ಕೆಲಸದವರ ಮೇಲೆ ಕಿರುಚಾಡುವವರು, ಮಂಡಿಯೂರಿ ಕ್ಷಮೆ ಕೇಳು ಅನ್ನುವವರು ಹೆಚ್ಚಾದರು. ಕೊನೆಗೆ ಟೋಕಿಯೋ ಆಡಳಿತ ಗಿರಾಕಿಗಳ ಕಿರುಕುಳ ತಡೆಯಲೆಂದೇ ಒಂದು ಕಟ್ಟಳೆ ಮಾಡಿ 2025ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ದಂಡವಿಲ್ಲ, ಆದರೂ ಹಾಗೆ ಮಾಡಕೂಡದು ಅಂತ ಬರಹದಲ್ಲಿ ಬಂತು. ಅದು ಬಂದದ್ದು ಒಳ್ಳೆಯದಾಯಿತು. ಟವೆಲ್ ಬಿಸಿಯಾಗಿರಬೇಕಾದರೆ ಅದನ್ನು ತರುವ ಹುಡುಗಿಗೆ ನಿದ್ದೆ ಆಗಿರಬೇಕು, ಸಂಬಳ ಬಂದಿರಬೇಕು.

ಅಲ್ಲಿಯ ತನಕ ಹೋಗದವರಿಗೂ ಇದರ ಸ್ವಲ್ಪ ರುಚಿ ಬೆಂಗಳೂರಿನಲ್ಲಿ ಸಿಗುತ್ತದೆ. 1999ರ ಕೊನೆಗೆ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಕಾರು ತಯಾರಾಗಲು ಶುರುವಾಯಿತು, ಆಮೇಲೆ ಜಪಾನೀ ಸಂಸಾರಗಳು ಬಂದು ನೆಲೆಸಿದಂತೆ ಅವರ ಊಟದ ಮನೆಗಳೂ ಬೆಳೆದವು. ಬಿಸಿ ಟವೆಲ್, ಚಹಾ, ಬಾಗಿಲಲ್ಲಿ ಸ್ವಾಗತದ ಕೂಗು ಅಲ್ಲೂ ಕೇಳಿದ್ದೇನೆ.

ಹೊರಡುವಾಗ ಅಡುಗೆಯವರ ಕಡೆ ತಿರುಗಿ 'ಗೊಚಿಸೋಸಮಾ ದೆಶಿತಾ' ಅನ್ನಿ, ಊಟ ಚೆನ್ನಾಗಿ ಆಯಿತು ಅಂತ ಹೇಳುವ ರೀತಿ ಅದು. ನಿಮ್ಮ ಬಾಯಲ್ಲಿ ಅದನ್ನು ಕೇಳಿದರೆ ಅವರ ಮುಖ ಅರಳುತ್ತದೆ. ಮತ್ತೆ ಇದನ್ನು ಅಳಿಯಂದಿರಿಗೆ ತಪ್ಪದೆ ಹೇಳಿ: ಜಾಗ ಕಾದಿರಿಸಿದ ಮೇಲೆ ಮಗು ಅತ್ತಿತು, ಮಳೆ ಬಂತು ಅಂತ ಹೋಗಲಾಗದಿದ್ದರೆ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಫೋನ್ ಮಾಡಿ ತಿಳಿಸಬೇಕು. ಎಂಟೋ ಹತ್ತೋ ಕುರ್ಚಿ ಇರುವ ಅಂಗಡಿಗಳು ಅವು, ನಿಮ್ಮ ಹೆಸರಿನಲ್ಲಿ ಅವತ್ತಿನ ತರಕಾರಿಯನ್ನೂ ಎಣಿಸಿ ತಂದಿರುತ್ತಾರೆ.